ಹಲ್ಲುಗಾಲಿ: ಹಗುರವಾದುದೋ, ಗಡುಸಾದುದೋ?

ಮನೆಗೆ ಬೇಕಾದ ವಸ್ತುಗಳನ್ನು ಕೊಳ್ಳುವಾಗ ಮನುಷ್ಯನು ಕಣ್ಣಿಗೆ ಕಾಣುವದನ್ನು ಹೆಚ್ಚಾಗಿ ಪರೀಕ್ಷಿಸುವನು. ಕಾಣದಿರುವದನ್ನು ಅಂಗಡಿಕಾರನ ಮಾತಿಗೆ ಬಿಟ್ಟುಬಿಡುವನು. ಸೀರೆಯ ಸೆರಗನ್ನು ಹತ್ತು ಸಲ ಬಿಚ್ಚಿ ನೋಡುವವರು ಅದರ ನೂಲನ್ನು ಒಂದು ಸಲವಾದರೂ ಎಳೆದು ನೋಡುವದು ವಿರಳ. ಎತ್ತಿನ ಕೋಡಿಗೆ ಬಣ್ಣ ಹಚ್ಚುವಾಗ ಇರುವ ಉತ್ಸಾಹವು ಅದರ ಗೊರಸಿಗೆ ಲಾಳ ಕಟ್ಟಿಸುವಾಗ ಇರುವದಿಲ್ಲ. ಹೀಗಿದ್ದರೂ ಸಂಸಾರದ ಭಾರವು ಬಹುಮಟ್ಟಿಗೆ ಈ ಕಾಣದ ವಸ್ತುಗಳ ಮೇಲೆಯೇ ನಿಂತಿರುತ್ತದೆ. ಮೋಟರ್ ಸೈಕಲ್ಲಿನ ಹಿಂದಿನ ಗಾಲಿಯ ಮಗ್ಗುಲಿಗೆ, ಎಣ್ಣೆ ಕೆಸರುಗಳ ನಡುವೆ, ತಗಡಿನ ಮುಚ್ಚಳದೊಳಗೆ ಅಡಗಿಕೊಂಡಿರುವ ಹಲ್ಲಿನ ಚಕ್ರವು ಅಂಥ ವಸ್ತುಗಳಲ್ಲೊಂದು. ಪೇಟೆಯಲ್ಲಿ ಅದನ್ನು ಸ್ಪ್ರಾಕೆಟ್ ಎನ್ನುವರು. ಹಲ್ಲುಗಾಲಿಯೆಂದರೂ ಅರ್ಥಕ್ಕೆ ಊನವಿಲ್ಲ. ಅದನ್ನು ಉಕ್ಕಿನದಾಗಿ ತರಬೇಕೋ, ಹಗುರವಾದ ಅಲ್ಯುಮಿನಿಯಮ್ ಮಿಶ್ರಲೋಹದ್ದಾಗಿ ತರಬೇಕೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಮಿಸ್ತ್ರಿಯ ಅಂಗಡಿಗೆ ಸೇರಿದ್ದು. ಆದರೆ ಒಮ್ಮೊಮ್ಮೆ ಅದು ಮನೆಯ ಪಡಸಾಲೆಗೂ ಬಂದು ಕುಳಿತುಕೊಳ್ಳುವದುಂಟು.

ಹುಕ್ಕೇರಿ ತಾಲೂಕಿನ ಹತ್ತರಗಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಮೊದಲು 4 ಎಂಬ ಅಂಕೆಯಿಂದಲೂ ಈಗ 48 ಎಂಬ ಅಂಕೆಯಿಂದಲೂ ಕರೆಯಲ್ಪಡುವ ಈ ದಾರಿಯಲ್ಲಿ ಬೆಳಗಾವಿಯಿಂದ ಸಂಕೇಶ್ವರ, ನಿಪ್ಪಾಣಿಗಳನ್ನು ಹಾಯ್ದು ಕೊಲ್ಲಾಪುರಕ್ಕೆ ಹೋಗುವವರು ಟೋಲ್ ನಾಕೆಯ ಗುರುತಿನಿಂದಲೇ ಈ ಊರನ್ನು ನೆನೆಯುವರು. ಹೆದ್ದಾರಿಯನ್ನು ಬಿಟ್ಟು ಒಂದು ಹರದಾರಿ ಒಳಕ್ಕೆ ಹೋದರೆ ಬೇರೆಯೇ ಒಂದು ಲೋಕ. ಸಮೀಪದ ಹಿಡಕಲ್ಲಿನಲ್ಲಿ ಘಟಪ್ರಭೆಯು ಅಣೆಕಟ್ಟಿಗೆ ಸಿಕ್ಕು ನಿಂತಿರುವಳು; ಮುಂದೆ ಅವಳೇ ಗೋಕಾವಿಯ ಬಳಿಯಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುವಳು. ನೀರು ಬಂದಲ್ಲಿ ಕಬ್ಬು, ಕಬ್ಬು ಬಂದಲ್ಲಿ ಮೇವು, ಮೇವು ಇದ್ದಲ್ಲಿ ಎಮ್ಮೆ. ಎಮ್ಮೆ ಇದ್ದ ಮನೆಯವರು ಬೆಳಗಾಗುವದರೊಳಗೆ ಹಾಲನ್ನು ಹೆದ್ದಾರಿಗೆ ಮುಟ್ಟಿಸಬೇಕು. ಆದುದರಿಂದ ಇಲ್ಲಿಯ ಮೋಟರ್ ಸೈಕಲ್ಲು ಒಂದೇ ದಿವಸದಲ್ಲಿ ಎರಡು ಬಗೆಯ ದಾರಿಯನ್ನು ತುಳಿಯುವದು: ಕನ್ನಡಿಯಂಥ ಹೆದ್ದಾರಿ ಒಂದು, ಮಳೆಗಾಲದಲ್ಲಿ ಕೆಸರೂ ಬೇಸಿಗೆಯಲ್ಲಿ ಧೂಳೂ ಆಗುವ ಹೊಲದ ದಾರಿ ಇನ್ನೊಂದು. ಹಲ್ಲುಗಾಲಿಯ ಪ್ರಶ್ನೆಗೆ ಬಿಗಿ ಬರುವದು ಈ ಎರಡು ದಾರಿಗಳ ಕೂಡಿಕೆಯಿಂದ.

ಯಂತ್ರದ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವದು ಯುಕ್ತ. ಎಂಜಿನ್ನಿನ ಬಲವು ಗೇರಿನ ಪೆಟ್ಟಿಗೆಯಿಂದ ಹೊರಗೆ ಬರುವಲ್ಲಿ ಒಂದು ಚಿಕ್ಕ ಹಲ್ಲುಗಾಲಿ ಇರುತ್ತದೆ; ಹಿಂದಿನ ಚಕ್ರಕ್ಕೆ ಒಂದು ದೊಡ್ಡದು. ಎರಡನ್ನೂ ಒಂದು ಸರಪಳಿ ಬಂಧಿಸುವದು. ಮುಂದಿನದಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಹಲ್ಲು ಇದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂದಿನದು ಒಂದು ಸುತ್ತು ತಿರುಗುವದು. ವೇಗವನ್ನು ಕೊಟ್ಟು ಎಳೆಯುವ ಬಲವನ್ನು ಕೊಳ್ಳುವ ವ್ಯಾಪಾರವಿದು. ಈ ಸರಪಳಿಯು ಇಂದಿನ ರೂಪಕ್ಕೆ ಬಂದದ್ದು 1880ರಲ್ಲಿ. ಸ್ವಿಟ್ಝರ್ಲಂಡದಲ್ಲಿ ಹುಟ್ಟಿ ಇಂಗ್ಲಂಡದ ಮ್ಯಾಂಚೆಸ್ಟರದಲ್ಲಿ ನೆಲಸಿದ ಹಾನ್ಸ್ ರೆನಾಲ್ಡ್ ಎಂಬಾತನು ಸರಪಳಿಯ ಪ್ರತಿಯೊಂದು ಮೊಳೆಗೂ ಒಂದು ಬುಷ್, ಅದರ ಮೇಲೆ ತಿರುಗುವ ಒಂದು ಉರುಳೆ ಇಟ್ಟು, ಹಲ್ಲಿಗೂ ಸರಪಳಿಗೂ ಆಗುತ್ತಿದ್ದ ತಿಕ್ಕಾಟವನ್ನು ಬಹಳಷ್ಟು ಕಡಿಮೆ ಮಾಡಿದನು. ಸೈಕಲ್ಲು ಓಡಿದ್ದೂ ಮೋಟರ್ ಸೈಕಲ್ಲು ಓಡಿದ್ದೂ ಈ ಉರುಳೆಗಳ ಬಲದಿಂದಲೇ.

ಸರಪಳಿ ಮತ್ತು ಹಲ್ಲುಗಾಲಿಗಳ ವಿದ್ಯೆಯು ಬೆಳಗಾವಿ ಸೀಮೆಗೆ ಹೊಸದಲ್ಲ. ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಅಣ್ಣನೊಡನೆ 1888ರಲ್ಲಿ ಬೆಳಗಾವಿಯಲ್ಲಿ ಪ್ರಾರಂಭಿಸಿದ್ದು ಒಂದು ಸೈಕಲ್ಲಿನ ಅಂಗಡಿಯನ್ನು. ದೊಡ್ಡ ಯಂತ್ರೋದ್ಯಮವೊಂದರ ಬೀಜವು ಹೀಗೆ ಹಲ್ಲುಗಾಲಿಯ ನೆರಳಿನಲ್ಲಿ ಮೊಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕಬ್ಬಿಣದ ನೇಗಿಲನ್ನು ಮಾಡಿ ಮಾರಲು ಹೊರಟಾಗ ರೈತರು ಅದನ್ನು ಕೊಳ್ಳಲಿಲ್ಲ. ಕಬ್ಬಿಣವು ತಾಗಿದರೆ ಮಣ್ಣಿಗೆ ವಿಷವೇರುವದೆಂಬ ಅಂಜಿಕೆ ಅವರಿಗಿತ್ತು. ಹೊಲದಲ್ಲಿ ಉತ್ತು ತೋರಿಸಿ, ಬೆಳೆಯನ್ನು ಕಣ್ಣಿಗೆ ಕಾಣಿಸಿದ ಮೇಲೆಯೇ ಆ ಅಂಜಿಕೆ ಹೋದದ್ದು. ಅಂದು ಮರಕ್ಕೆ ಒಗ್ಗಿದ ಜನರು ಕಬ್ಬಿಣಕ್ಕೆ ಅಂಜಿದರು. ಇಂದು ಕಬ್ಬಿಣಕ್ಕೆ ಒಗ್ಗಿದ ಜನರು ಅಲ್ಯುಮಿನಿಯಮ್ಮಿಗೆ ಅಂಜುವರು. ಅವರ ಮಕ್ಕಳಾದರೋ, ಹೊಸದೆಂಬ ಒಂದೇ ಕಾರಣಕ್ಕಾಗಿ ಅದನ್ನು ಮೆಚ್ಚುವರು. ಅಂಜಿಕೆ, ಮೆಚ್ಚಿಕೆ ಇವೆರಡೂ ಅಳತೆಗೋಲುಗಳಲ್ಲವೆಂಬದು ಕಬ್ಬಿಣದ ನೇಗಿಲಿನ ಕಥೆಯಿಂದ ಕಲಿಯತಕ್ಕ ಪಾಠ.

ಹತ್ತರಗಿಯ ಸುತ್ತಿನ ಹಳ್ಳಿಗಳ ಒಂದು ಮನೆಯನ್ನು ವಾಚಕರು ಕಣ್ಣೆದುರಿಗೆ ತಂದುಕೊಳ್ಳಬಹುದು. ತಂದೆಗೆ ನಾಲ್ಕು ಎಮ್ಮೆ, ಎರಡು ಎಕರೆ ಹೊಲ. ತನ್ನ ಮನೆಯ ಹಾಲನ್ನೂ ನೆರೆಹೊರೆಯವರ ಹಾಲನ್ನೂ ಎರಡು ಕ್ಯಾನುಗಳಲ್ಲಿ ತುಂಬಿ, ಮೋಟರ್ ಸೈಕಲ್ಲಿನ ಎರಡೂ ಮಗ್ಗುಲಿಗೆ ತೂಗಹಾಕಿಕೊಂಡು, ಬೆಳಗಿನ ಜಾವದಲ್ಲಿ ಹೆದ್ದಾರಿಯ ಕಡೆಗೆ ಹೊರಡುವದು ಅವನ ನಿತ್ಯಕರ್ಮ. ಅವನು ತಿರುಗಿ ಬಂದ ಮೇಲೆ ಅದೇ ಗಾಡಿಯನ್ನು ಹತ್ತಿ ಮಗನು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗುವನು. ಅಲ್ಲಿಯ ಎರಕದ ಮನೆಗಳೂ ಲೇತ್ ಯಂತ್ರಗಳೂ ಪ್ರಸಿದ್ಧವಾದವು. ಅಂಥದೊಂದು ಕಾರಖಾನೆಯಲ್ಲಿ ಅವನು ಕೆಲಸಕ್ಕೆ ಹೊಸದಾಗಿ ಸೇರಿದ್ದನು. ಹೀಗೆ ಒಂದೇ ಗಾಡಿಯು ಮುಂಜಾನೆ ತಂದೆಯದು, ಮಧ್ಯಾಹ್ನ ಮಗನದು. ತಂದೆಗೆ ಅದು ಎತ್ತು. ಮಗನಿಗೆ ಅದು ಕುದುರೆ.

ಹಿಂದಿನ ಹಲ್ಲುಗಾಲಿ ಸವೆದಿದೆಯೆಂದು ಮಿಸ್ತ್ರಿಯು ಹೇಳಿ ಕೆಲವು ದಿನಗಳಾಗಿದ್ದವು. ಮಗನು ತನ್ನ ಮೊದಲನೆಯ ಸಂಬಳ ಕೈಗೆ ಬಂದ ವಾರ ಕೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಬಂಗಾರದ ಬಣ್ಣದ ಒಂದು ಹಲ್ಲುಗಾಲಿಯನ್ನು ತಂದನು. ಅದು ಅಲ್ಯುಮಿನಿಯಮ್ಮಿನದು. ಅಂಗೈಯಲ್ಲಿ ಇಟ್ಟರೆ ಇಟ್ಟಂತೆಯೇ ಅನ್ನಿಸದು. ಉಕ್ಕಿನದಕ್ಕಿಂತ ಅದರ ಬೆಲೆ ಹೆಚ್ಚು. ಅದನ್ನು ತಂದೆಯ ಮುಂದೆ ಇಟ್ಟು,

“ಅಪ್ಪಾ, ಇದು ಹಗರ ಐತಿ. ಗಾಡಿ ಜಿಗದ ಹೋಗತೈತಿ, ಪೆಟ್ರೋಲೂ ಉಳಿತೈತಿ,” ಎಂದನು.

ತಂದೆಯು ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದನು. ಮೊದಲ ಸಂಬಳದಲ್ಲಿ ಮಗನು ತನಗಾಗಿ ಅಂಗಿಯನ್ನು ತರಬಹುದಾಗಿತ್ತು. ಗೆಳೆಯರೊಡನೆ ಉಂಡು ಬರಬಹುದಾಗಿತ್ತು. ಅದನ್ನು ಬಿಟ್ಟು ಮನೆಯ ಗಾಡಿಗೆ ಬೇಕಾದದ್ದನ್ನು ತಂದಿದ್ದಾನೆ. ಅದನ್ನು ಬೇಡವೆನ್ನುವದು ಹೇಗೆ? ಬೇಕೆನ್ನುವದಾದರೂ ಹೇಗೆ? ಹಗುರವಾದ ವಸ್ತುವು ಭಾರದ ಕೆಲಸಕ್ಕೆ ಬಾರದೆಂಬದು ಅವನ ಹುಟ್ಟಾ ನಂಬಿಕೆ. “ಛಲೋ ಐತಿ ತಮ್ಮಾ,” ಎಂದಷ್ಟೇ ಹೇಳಿ, ಮರುದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಹೆದ್ದಾರಿಯ ಮಗ್ಗುಲಿನ ಮಿಸ್ತ್ರಿಯ ಅಂಗಡಿಗೆ ಮಗನೊಡನೆ ಹೋದನು. ಮಿಸ್ತ್ರಿಯು ಉಗುರಿನಿಂದ ಹಲ್ಲನ್ನು ತಟ್ಟಿ ನೋಡಿ, “ಕಾಕಾ, ಗಾಲಿ ಖೋಟಿ ಅಲ್ಲ. ಆದರ ನಿಮ್ಮ ಕೆಲಸದ್ದಲ್ಲ,” ಎಂದನು.

ಮಿಸ್ತ್ರಿಯ ಮಾತಿನ ಎರಡೂ ತುಣುಕುಗಳು ವಿಚಾರಕ್ಕೆ ಅರ್ಹವಾಗಿವೆ. ಗಾಲಿ ಖೋಟಿಯಲ್ಲವೆಂಬದು ಮೊದಲಿನದು. ಅಲ್ಯುಮಿನಿಯಮ್ ಎಂದೊಡನೆ ಅನ್ನ ಬೇಯಿಸುವ ತೆಳ್ಳನೆಯ ಪಾತ್ರೆಯೇ ಕಣ್ಣಿಗೆ ಬರುವದುಂಟು. ಹಲ್ಲುಗಾಲಿಗೆ ಬಳಸುವದು ಆ ಮೆತ್ತಗಿನ ಲೋಹವನ್ನಲ್ಲ. ಅದಕ್ಕೆ ಸತುವು, ಮೆಗ್ನೀಶಿಯಮ್, ತಾಮ್ರಗಳನ್ನು ಬೆರಸಿ, ಕಾಸಿ, ಹದಗೊಳಿಸಿದ ಮಿಶ್ರಲೋಹವೊಂದುಂಟು. 7075 ಎಂಬ ಅಂಕೆಯಿಂದ ಅದನ್ನು ಗುರುತಿಸುವರು. ಈ ಬಗೆಯ ಲೋಹವನ್ನು 1930ರ ದಶಕದಲ್ಲಿ ಜಪಾನದವರು ವಿಮಾನಗಳಿಗಾಗಿ ಸಿದ್ಧಪಡಿಸಿದರು. 1940ರ ದಶಕದಲ್ಲಿ ಅಮೇರಿಕದವರೂ ಮಾಡತೊಡಗಿದರು. ಎಳೆತಕ್ಕೆ ತಾಳಿಕೊಳ್ಳುವದರಲ್ಲಿ ಅದು ಸಾಮಾನ್ಯ ಉಕ್ಕಿಗೆ ಸೋಲುವದಿಲ್ಲ. ತೂಕದಲ್ಲಾದರೋ ಉಕ್ಕಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಮ್ ತೂಗಿದರೆ ಇದು ಸುಮಾರು 2.8 ಗ್ರಾಮ್ ತೂಗುವದು. ಇಂಥ ಲೋಹವನ್ನು ಹೀನವೆನ್ನುವದು ಅಜ್ಞಾನ.

ಈ ಲೋಹದ ಮೂಲವಸ್ತುವಿಗೂ ಹತ್ತರಗಿಯ ದಾರಿಗೂ ನಂಟು ಇದೆ. ಹೆದ್ದಾರಿಯಲ್ಲಿ ಬೆಳಗಾವಿಯನ್ನು ಸಮೀಪಿಸುವಾಗ ಯಮನಾಪುರದ ಬಳಿ ಹಿಂಡಾಲ್ಕೋದವರ ಕಾರಖಾನೆ ಸಿಗುವದು. ಬಾಕ್ಸೈಟ್ ಎಂಬ ಕೆಂಪು ಕಲ್ಲಿನಿಂದ ಬಿಳಿಯ ಅಲ್ಯುಮಿನಾ ಪುಡಿಯನ್ನು ಬೇರ್ಪಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ಅಲ್ಯುಮಿನಾ ಎಂದರೆ ಅಲ್ಯುಮಿನಿಯಮ್ ಮತ್ತು ಆಮ್ಲಜನಕಗಳ ಸಂಯೋಗ. ಸೃಷ್ಟಿಯ ಒಂದು ಚಮತ್ಕಾರ ಇದರಲ್ಲಿದೆ: ಲೋಹವು ಮೆತ್ತಗೆ, ಅದರ ಈ ಭಸ್ಮವು ಬಹು ಗಡುಸು. ಸಾಣೆಯ ಚಕ್ರಗಳಲ್ಲಿ ಉಕ್ಕನ್ನು ಹರಿತಗೊಳಿಸುವದಕ್ಕೆ ಬಳಸುವದು ಇದನ್ನೇ. ಒಳ್ಳೆಯ ಅಲ್ಯುಮಿನಿಯಮ್ ಹಲ್ಲುಗಾಲಿಯ ಮೇಲೆ ವಿದ್ಯುತ್ತಿನ ಸಹಾಯದಿಂದ ಇದೇ ಭಸ್ಮದ ಒಂದು ಪದರನ್ನು ಬೆಳೆಸಿ, ಅದಕ್ಕೆ ಬಣ್ಣವನ್ನು ಕುಡಿಸುವರು. ಮಗನು ತಂದ ಗಾಲಿಯ ಬಂಗಾರದ ಬಣ್ಣವು ಹೀಗೆ ಬಂದದ್ದು. ಆ ಪದರು ಇರುವ ತನಕ ಹಲ್ಲಿಗೆ ಒಂದು ಕವಚವಿದ್ದಂತೆ. ಆದರೆ ಕವಚದ ದಪ್ಪವು ತಲೆಯ ಕೂದಲಿನ ದಪ್ಪಕ್ಕೂ ಕಡಿಮೆ. ಅದು ಹರಿದ ಮೇಲೆ ಒಳಗಿನ ಮೆತ್ತಗಿನ ಲೋಹವೇ ಸರಪಳಿಗೆ ಮೈಯೊಡ್ಡಬೇಕು. ಉಕ್ಕಿನ ಹಲ್ಲನ್ನಾದರೋ ಕಾಸಿ ತಣಿಸಿ ಗಡುಸುಗೊಳಿಸಿದಾಗ ಆ ಗಡಸುತನವು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿರುತ್ತದೆ.

ಹಗುರತನದ ಪಕ್ಷವನ್ನು ಹಿಡಿಯುವವರ ಮಾತಿನಲ್ಲಿಯೂ ಸತ್ಯವಿದೆ. ತಿರುಗುವ ವಸ್ತುವು ಹಗುರವಾದಷ್ಟು ಅದನ್ನು ಓಟಕ್ಕೆ ಎಬ್ಬಿಸುವದು ಸುಲಭ, ನಿಲ್ಲಿಸುವದೂ ಸುಲಭ. ಚಕ್ರದ ಮಗ್ಗುಲಿನ ಭಾರವು ಕಡಿಮೆಯಾದರೆ ತಗ್ಗು ದಿಣ್ಣೆಗಳಲ್ಲಿ ಚಕ್ರವು ನೆಲವನ್ನು ಬಿಡದೆ ಅನುಸರಿಸುವದು. ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಗಾಡಾ ಶರ್ಯತ್ತನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶರ್ಯತ್ತಿನ ಗಾಡಾವನ್ನು ಕಬ್ಬು ಹೇರುವ ಬಂಡಿಯಂತೆ ಯಾರೂ ಮಾಡಿಸುವದಿಲ್ಲ. ಬೇಡವಾದ ಒಂದು ತೊಲೆಯನ್ನೂ ಅದರಲ್ಲಿ ಇಡುವದಿಲ್ಲ. ಅದರ ಕೆಲಸ ಕೆಲವು ನಿಮಿಷಗಳದು. ಅದು ಮುಗಿದ ಮೇಲೆ ಬಡಿಗನು ನೋಡಿಕೊಳ್ಳುವನು. ಮೋಟರ್ ಸೈಕಲ್ಲಿನ ಪಂದ್ಯಗಳಲ್ಲಿಯೂ ಹೀಗೆಯೇ. ಅಲ್ಲಿ ಹಾದಿಗೆ ತಕ್ಕಂತೆ ಹಲ್ಲಿನ ಸಂಖ್ಯೆಯನ್ನು ಬದಲಿಸುವ ಸಲುವಾಗಿ ಹಲ್ಲುಗಾಲಿಯನ್ನು ಮೇಲಿಂದ ಮೇಲೆ ಬಿಚ್ಚುವರು. ಹೇಗೂ ಬಿಚ್ಚತಕ್ಕ ವಸ್ತುವು ವರ್ಷಗಟ್ಟಲೆ ಬಾಳಬೇಕೆಂಬ ಹಟ ಅಲ್ಲಿ ಇಲ್ಲ. ಅದರಿಂದ ಪಂದ್ಯದ ಸವಾರನು ಅಲ್ಯುಮಿನಿಯಮ್ಮನ್ನು ಆರಿಸುವದು ಶೋಕಿಯಲ್ಲ, ವಿವೇಕ.

ಅದೇ ವಿವೇಕವು ಹಾಲಿನ ಗಾಡಿಗೆ ಸಲ್ಲುವದೋ ಎಂಬದನ್ನು ಲೆಕ್ಕ ಹಾಕಿ ನೋಡಬೇಕು. ಹಿಂದಿನ ಉಕ್ಕಿನ ಹಲ್ಲುಗಾಲಿ ಒಂದು ಕಿಲೋ ತೂಗುವದೆಂದು ಉದಾರವಾಗಿಯೇ ಹಿಡಿದರೂ, ಅದೇ ಆಕಾರವನ್ನು ಅಲ್ಯುಮಿನಿಯಮ್ಮಿನಲ್ಲಿ ಕೊರೆದರೆ ಸುಮಾರು 350 ಗ್ರಾಮ್ ಆದೀತು. ಉಳಿತಾಯವು 650 ಗ್ರಾಮ್. ಒಂದು ಲೀಟರ್ ಹಾಲಿನ ತೂಕ 1 ಕಿಲೋ 30 ಗ್ರಾಮಿನಷ್ಟು. ಎಂದರೆ ಇಷ್ಟೆಲ್ಲ ಖರ್ಚು ಮಾಡಿ ಇಳಿಸಿದ ಭಾರವು ಮುಕ್ಕಾಲು ಲೀಟರ್ ಹಾಲಿಗೂ ಸಮನಾಗಲಿಲ್ಲ. 40 ಲೀಟರಿನ ಎರಡು ಕ್ಯಾನುಗಳು ತುಂಬಿದರೆ ಹಾಲೊಂದೇ 82 ಕಿಲೋ; ಅದರ ಮೇಲೆ ಕ್ಯಾನಿನ ತೂಕ, ಗಾಡಿಯ ತೂಕ, ಸವಾರನ ತೂಕ. ತಿರುಗುವ ಭಾರದ ವಿಷಯಕ್ಕೆ ಬಂದರೂ ಹಲ್ಲುಗಾಲಿಯು ಅಚ್ಚಿಗೆ ಸಮೀಪವಾಗಿ ಕುಳಿತ ವಸ್ತು. ಅರ್ಧ ಅಂಗುಲದ ಕೊಂಡಿಯ ಸರಪಳಿಗೆ 42 ಹಲ್ಲಿನ ಗಾಲಿಯೆಂದರೆ ಅದರ ಅಂಚು ಅಚ್ಚಿನಿಂದ 85 ಮಿಲಿಮೀಟರ್ ದೂರ. ಟಾಯರಿನ ಅಂಚಾದರೋ ಸುಮಾರು 300 ಮಿಲಿಮೀಟರ್. ತಿರುಗುವ ಭಾರದ ಪರಿಣಾಮವು ದೂರದ ವರ್ಗದಂತೆ ಹೆಚ್ಚುವದರಿಂದ, ಟಾಯರಿನ ಅಂಚಿನ ಒಂದು ಗ್ರಾಮು ಹಲ್ಲುಗಾಲಿಯ ಅಂಚಿನ ಹನ್ನೆರಡು ಗ್ರಾಮುಗಳಿಗೆ ಸಮ. ಪೆಟ್ರೋಲು ಉಳಿಯಬೇಕಾದರೆ ಟಾಯರಿನ ಗಾಳಿಯನ್ನು ಸರಿಯಾಗಿ ಇಡುವದು, ಸರಪಳಿಯನ್ನು ಒರಸಿ ಎಣ್ಣೆ ಹಾಕುವದು ಇವೇ ಹೆಚ್ಚಿನ ಉಪಾಯಗಳು. ಎರಡಕ್ಕೂ ಮೊದಲ ಸಂಬಳವನ್ನು ಖರ್ಚು ಮಾಡಬೇಕಾಗಿಲ್ಲ.

ಇನ್ನು ಸವಕಳಿಯ ಮಾತು. ಹತ್ತರಗಿಯ ಒಳದಾರಿಗಳಲ್ಲಿ ಎರೆಯ ಮಣ್ಣೂ ಮಸಾರಿಯೂ ಕೂಡಿವೆ. ಮಳೆಗಾಲದ ಕೆಸರಿನೊಳಗೆ ಸಣ್ಣ ಮರಳಿನ ಕಣಗಳಿರುತ್ತವೆ. ಎಣ್ಣೆಗೆ ಆ ಕಣಗಳು ಅಂಟಿದವೆಂದರೆ ಸರಪಳಿಯು ಸಾಣೆಯ ಹಗ್ಗವಾಗಿಬಿಡುವದು. ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರಖಾನೆಯ ಜಾವಾ ಗಾಡಿಗಳಲ್ಲಿ ಸರಪಳಿಯನ್ನು ಪೂರ್ತಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಧೂಳಿನ ದೇಶಕ್ಕೆ ಅದು ತಕ್ಕದ್ದೇ ಆಗಿತ್ತು. ಆದರೂ ಮುಚ್ಚಳವು ಧೂಳನ್ನು ತಡೆಯುವದೇ ಹೊರತು ಭಾರವನ್ನು ತಡೆಯದು. ಭಾರ ಹೊತ್ತ ಗಾಡಿಯು ಏರನ್ನು ಏರುವಾಗ ಸರಪಳಿಯ ಪ್ರತಿಯೊಂದು ಉರುಳೆಯೂ ಹಲ್ಲಿನ ಒಂದೇ ಮಗ್ಗುಲನ್ನು ಒತ್ತುವದು. ಆ ಮಗ್ಗುಲು ಸವೆದು ಸವೆದು, ಕೊನೆಗೆ ಹಲ್ಲು ಕುಡಗೋಲಿನ ತುದಿಯಂತೆ ಬಾಗಿ ಕಾಣುವದು. ಇತ್ತ ಸರಪಳಿಯ ಮೊಳೆಗಳೂ ಬುಷ್ಷುಗಳೂ ಸವೆದು, ಒಂದೊಂದು ಕೊಂಡಿಯ ಅಳತೆಯೂ ಕೂದಲೆಳೆಯಷ್ಟು ಹಿಗ್ಗುವದು. ಸರಪಳಿ ಜಗ್ಗಿತೆಂದು ಜನರು ಅನ್ನುವದು ಇದಕ್ಕೇ. ನಿಜವಾಗಿ ಲೋಹವು ಜಗ್ಗಿರುವದಿಲ್ಲ, ಸವೆದಿರುವದು. ಹಿಗ್ಗಿದ ಸರಪಳಿಯು ಹೊಸ ಹಲ್ಲನ್ನು ಕೆಡಿಸುವದು. ಬಾಗಿದ ಹಲ್ಲು ಹೊಸ ಸರಪಳಿಯನ್ನು ಕೆಡಿಸುವದು. ಆದುದರಿಂದಲೇ ಮಿಸ್ತ್ರಿಗಳು ಮುಂದಿನ ಗಾಲಿ, ಹಿಂದಿನ ಗಾಲಿ, ಸರಪಳಿ ಈ ಮೂರನ್ನೂ ಚೈನ್‌ಸೆಟ್ ಎಂಬ ಒಂದೇ ಹೆಸರಿನಿಂದ ಕರೆದು ಕೂಡಿಯೇ ಬದಲಿಸುವರು. ಒಂದೇ ಮನೆಯಲ್ಲಿದ್ದವರಂತೆ ಒಬ್ಬರ ಸವಕಳಿಯನ್ನು ಉಳಿದಿಬ್ಬರು ಹಂಚಿಕೊಳ್ಳಲೇಬೇಕು.

ಮುಂದಿನ ಚಿಕ್ಕ ಗಾಲಿಯ ವಿಷಯದಲ್ಲಿ ಈ ಚರ್ಚೆಯೇ ಬಹುಶಃ ಏಳುವದಿಲ್ಲವೆಂಬದೂ ಗಮನಿಸತಕ್ಕದ್ದು. ಹಿಂದಿನ ಗಾಲಿಯನ್ನು ಅಲ್ಯುಮಿನಿಯಮ್ಮಿನದಾಗಿ ಮಾಡಿಕೊಂಡ ಪಂದ್ಯದ ಸವಾರರು ಸಹ ಮುಂದಿನದನ್ನು ಸಾಮಾನ್ಯವಾಗಿ ಉಕ್ಕಿನದನ್ನೇ ಇಟ್ಟುಕೊಳ್ಳುವರು. ಕಾರಣ ಸ್ಪಷ್ಟವಾಗಿದೆ. 14 ಹಲ್ಲಿನ ಮೇಲೆ ಬೀಳುವ ಕೆಲಸವು 42 ಹಲ್ಲುಗಳಿಗೆ ಹಂಚಿಹೋಗುವ ಕೆಲಸಕ್ಕಿಂತ ಮೂರು ಪಟ್ಟು ಹೆಚ್ಚು. ಪೆಟ್ಟು ಎಲ್ಲಿ ಹೆಚ್ಚಾಗಿ ಬೀಳುವದೋ ಅಲ್ಲಿ ಗಡುಸಾದುದನ್ನು ಇಡಬೇಕೆಂಬ ನಿಯಮವನ್ನು ಹಗುರತನದ ಭಕ್ತರೂ ಒಪ್ಪಿಕೊಂಡಿರುವರೆಂದಾಯಿತು. ಹಾಗಾದರೆ ಉಳಿಯುವ ವಾದವು ಒಂದೇ: ಹಿಂದಿನ ಗಾಲಿಯ ಮೇಲೆ ಬೀಳುವ ಪೆಟ್ಟು ಇಂಥ ಮನೆಯ, ಇಂಥ ದಾರಿಯ, ಇಂಥ ಭಾರದ ಗಾಡಿಯಲ್ಲಿ ಎಷ್ಟು?

ಮಿಸ್ತ್ರಿಯ ಅಂಗಡಿಯಲ್ಲಿ ನಿಂತ ತಂದೆಗೆ ಈ ವಾದಗಳು ಇಷ್ಟು ವಿಸ್ತಾರವಾಗಿ ತಿಳಿದಿರಲಿಲ್ಲ. ಆದರೆ ಮಗನ ಮುಖವು ಸಣ್ಣದಾದದ್ದು ಅವನಿಗೆ ಕಂಡಿತು. ಮಿಸ್ತ್ರಿಯ ಮಾತನ್ನೇ ಆಧಾರ ಮಾಡಿಕೊಂಡು ಅಲ್ಲಿಯೇ ತೀರ್ಪು ಕೊಡಬಹುದಾಗಿತ್ತು. ಅದು ನ್ಯಾಯವೂ ಆಗುತ್ತಿತ್ತು. ಆದರೆ ಹಾಗೆ ಮಾಡಿದ್ದರೆ ಗಾಲಿಯೊಡನೆ ಮಗನ ತಿಳುವಳಿಕೆಯನ್ನೂ ಹೊರಗೆ ಎಸೆದಂತಾಗುತ್ತಿತ್ತು. ಕಾರಖಾನೆಗೆ ಹೋಗುವ ಹುಡುಗನಿಗೆ ತಂದೆಯ ಮನೆಯಲ್ಲಿ ಒಂದು ಗಾಲಿಯನ್ನು ಆರಿಸುವ ಅಧಿಕಾರವೂ ಇಲ್ಲದೆ ಹೋದರೆ, ನಾಳೆ ಅವನು ಮನೆಯ ಯಾವ ಭಾರಕ್ಕೆ ಹೆಗಲು ಕೊಟ್ಟಾನು? ತಂದೆಯು ಮಿಸ್ತ್ರಿಯನ್ನು ಒಂದೇ ಪ್ರಶ್ನೆ ಕೇಳಿದನು: ಇದು ನಡುದಾರಿಯಲ್ಲಿ ಒಮ್ಮೆಲೆ ಮುರಿಯುವದೇನು? ಮಿಸ್ತ್ರಿಯು, ಮುರಿಯುವದಿಲ್ಲ, ಸವೆಯುವದು. ಸವೆದದ್ದನ್ನು ನೋಡದೆ ಬಿಟ್ಟರೆ ಸರಪಳಿಯು ಹಲ್ಲು ದಾಟಿ ಹಾರುವದು, ಹಿಂದಿನ ಚಕ್ರವು ಬಿಗಿದುಕೊಂಡರೆ ಹೆದ್ದಾರಿಯಲ್ಲಿ ಲಾರಿಯ ಬಾಯಿಗೆ ಹೋದಂತೆ ಎಂದು ಹೇಳಿದನು.

“ಹಾಕಪಾ,” ಎಂದನು ತಂದೆ. ಆಮೇಲೆ ಮಗನ ಕಡೆಗೆ ತಿರುಗಿ, “ತಮ್ಮಾ, ಹಾಲು ನಾ ನೋಡತೀನಿ, ಹಲ್ಲು ನೀ ನೋಡು. ಪ್ರತಿ ರವಿವಾರ ಮುಚ್ಚಳಾ ಬಿಚ್ಚಿ ನೋಡಬೇಕು,” ಎಂದನು.

ಮುಂದಿನ ಗಾಲಿಯನ್ನೂ ಸರಪಳಿಯನ್ನೂ ತಂದೆಯೇ ಹಣ ಕೊಟ್ಟು ಹೊಸದಾಗಿ ಹಾಕಿಸಿದನು. ಕಾರಹುಣ್ಣಿಮೆಯ ಹೊತ್ತಿಗೆ ಗಾಡಿಯು ಬಂಗಾರದ ಬಣ್ಣದ ಹಲ್ಲುಗಾಲಿಯನ್ನು ಧರಿಸಿ ಓಡತೊಡಗಿತು. ಗಾಡಿ ಜಿಗಿದು ಹೋಗುತ್ತದೆಂದು ಮಗನಿಗೆ ಅನ್ನಿಸಿತು. ತಂದೆಗೆ ಏನೂ ಅನ್ನಿಸಲಿಲ್ಲ. ಇಬ್ಬರೂ ಇದರ ಬಗ್ಗೆ ವಾದಿಸಲಿಲ್ಲ.

ರವಿವಾರದ ಕೆಲಸವನ್ನು ಮಗನು ಕಾರಖಾನೆಯ ಶಿಸ್ತಿನಿಂದಲೇ ನಡೆಯಿಸಿದನು. ಸರಪಳಿಯ ಪರೀಕ್ಷೆಗೆ ಸುಲಭವಾದ ಒಂದು ಕ್ರಮವಿದೆ. ಅರ್ಧ ಅಂಗುಲದ ಕೊಂಡಿಗಳು ಇಪ್ಪತ್ತು ಕೂಡಿದರೆ ಹತ್ತು ಅಂಗುಲ, ಎಂದರೆ 254 ಮಿಲಿಮೀಟರ್ ಆಗಬೇಕು. ಸರಪಳಿಯನ್ನು ಬಿಗಿಯಾಗಿ ಎಳೆದು, ಮೊಳೆಯಿಂದ ಮೊಳೆಗೆ ಅಳೆದಾಗ ಅದು 259 ಮಿಲಿಮೀಟರಿಗೆ ಬಂದರೆ ನೂರಕ್ಕೆ ಎರಡರಷ್ಟು ಹಿಗ್ಗಿದಂತೆ. ಆಗ ಅದನ್ನು ತೆಗೆಯುವದು ಒಳ್ಳೆಯದು. ಹಲ್ಲಿನ ದಪ್ಪವನ್ನು ಕ್ಯಾಲಿಪರಿನಿಂದ ಹಿಡಿದು ನೋಡಬೇಕು. ಹುಡುಗನು ಈ ಎರಡು ಅಂಕೆಗಳನ್ನೂ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಎಮ್ಮೆಯ ಹಾಲಿನ ಲೆಕ್ಕದ ಮಗ್ಗುಲಿಗೆ, ಬರೆದಿಡುತ್ತ ಬಂದನು. ಮೊದಲ ತಿಂಗಳಿನ ಅಂಕೆಗಳು ಅಲುಗಲಿಲ್ಲ. ಹುಡುಗನ ಮುಖ ಗೆಲುವಾಗಿತ್ತು. ಶ್ರಾವಣದ ಮಳೆಯಲ್ಲಿ ಹಲ್ಲಿನ ಒಂದು ಮಗ್ಗುಲಿನ ಬಂಗಾರದ ಬಣ್ಣ ಹೋಗಿ ಬಿಳಿಯ ಲೋಹ ಕಂಡಿತು. ಕವಚವು ಹರಿದಿತ್ತು. ಅಲ್ಲಿಂದ ಮುಂದೆ ಅಂಕೆಗಳು ವಾರವಾರಕ್ಕೂ ಬದಲಾದವು. ತಂದೆಯು ಕ್ಯಾಲೆಂಡರಿನ ಮುಂದೆ ದಿನಾಲು ನಿಲ್ಲುತ್ತಿದ್ದನು. ಹಾಲಿನ ಲೆಕ್ಕವನ್ನು ನೋಡುವಾಗ ಮಗ್ಗುಲಿನ ಲೆಕ್ಕವೂ ಕಣ್ಣಿಗೆ ಬೀಳದೆ ಇರುವಂತಿರಲಿಲ್ಲ. ಆದರೂ ಅವನು ಒಂದು ಮಾತನ್ನೂ ಆಡಲಿಲ್ಲ. ನೋಡುವ ಕೆಲಸವನ್ನು ಒಬ್ಬನಿಗೆ ಒಪ್ಪಿಸಿದ ಮೇಲೆ, ನೋಡಿ ಹೇಳುವ ಕೆಲಸವೂ ಅವನದೇ ಎಂಬದು ಅವನ ಎಣಿಕೆ.

ಮಹಾನವಮಿಯ ಖಂಡೇಪೂಜೆಗೆ ಗಾಡಿಯನ್ನು ತೊಳೆದು, ಮುಚ್ಚಳವನ್ನು ಪೂರ್ತಿ ಬಿಚ್ಚಿದಾಗ ಹಲ್ಲುಗಳು ಬಾಗಿದ್ದು ಬರಿಯ ಕಣ್ಣಿಗೇ ಕಾಣಿಸುತ್ತಿತ್ತು. ಮಗನು ಕ್ಯಾಲಿಪರನ್ನು ಒಂದು ಸಲ ಹಿಡಿದು ನೋಡಿ ಕೆಳಗಿಟ್ಟನು.

“ಅಪ್ಪಾ, ಇದು ನಮ್ಮ ಹಾದೀದಲ್ಲ. ಉಕ್ಕಿಂದ ತರತೀನಿ,” ಎಂದನು.

ಸರಪಳಿಯ ಆಯುಷ್ಯವೂ ಅರ್ಧ ಕಳೆದಿತ್ತು. ನಾಲ್ಕು ತಿಂಗಳಿಗೆ ಇನ್ನೊಂದು ಚೈನ್‌ಸೆಟ್ಟಿನ ಖರ್ಚು ಆ ಮನೆಗೆ ಹಗುರವಾದದ್ದಲ್ಲ. ಹಲವು ದಿನಗಳ ಹಾಲು ಅದಕ್ಕೆ ಹೋಯಿತು. ಆದರೆ ತೀರ್ಪು ಬಂದದ್ದು ತಂದೆಯ ಹಿರಿತನದಿಂದಲ್ಲ, ಮಿಸ್ತ್ರಿಯ ಅನುಭವದಿಂದಲೂ ಅಲ್ಲ. ಮಗನ ಕೈಯ ಅಳತೆಯಿಂದ. ರೈತನ ಅಂಜಿಕೆಯನ್ನು ನೇಗಿಲೇ ಹೊಲದಲ್ಲಿ ಉತ್ತು ಬಿಡಿಸಿದಂತೆ, ಹುಡುಗನ ಮೆಚ್ಚಿಕೆಯನ್ನು ಹಲ್ಲೇ ದಾರಿಯಲ್ಲಿ ಸವೆದು ತಿದ್ದಿತು.

ಈ ಎರಡು ಲೋಹಗಳನ್ನು ಒಂದುಗೂಡಿಸುವ ದಾರಿಯೂ ಉಂಟು. ಕೆಲವು ದೊಡ್ಡ ಗಾಡಿಗಳಿಗೆ ನಡುವಿನ ತಟ್ಟೆಯನ್ನು ಅಲ್ಯುಮಿನಿಯಮ್ಮಿನಿಂದ ಮಾಡಿ, ಹಲ್ಲಿನ ಅಂಚನ್ನು ಮಾತ್ರ ಉಕ್ಕಿನದಾಗಿ ಮಾಡಿ, ಎರಡನ್ನೂ ರಿವೆಟ್ಟುಗಳಿಂದ ಬಿಗಿದ ಹಲ್ಲುಗಾಲಿಗಳು ದೊರೆಯುತ್ತವೆ. ಇದನ್ನು ಕೇಳಿದ ಹಳ್ಳಿಯ ಹಿರಿಯರು ಬೆರಗಾಗಬೇಕಾದ ಕಾರಣವಿಲ್ಲ. ಅವರ ಬಂಡಿಯ ಗಾಲಿಯು ಇದೇ ಅಲ್ಲವೆ? ಅರಗಳು ಮರದವು, ಸುತ್ತಿನ ವರ್ತುಲವೂ ಮರದ್ದು. ನೆಲಕ್ಕೆ ತಾಗುವ ಅಂಚಿಗೆ ಮಾತ್ರ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ಕೆಂಪಗೆ ಕಾಸಿ, ಗಾಲಿಯ ಮೇಲೆ ಕೂಡಿಸಿ, ನೀರು ಸುರಿದು, ಅದು ಸಂಕೋಚಗೊಂಡು ಮರವನ್ನು ಬಿಗಿಯಾಗಿ ಹಿಡಿಯುವಂತೆ ಮಾಡುವ ವಿದ್ಯೆಯನ್ನು ಬಡಿಗನೂ ಕಮ್ಮಾರನೂ ಕೂಡಿ ಬಹುಕಾಲದಿಂದ ನಡೆಯಿಸಿಕೊಂಡು ಬಂದಿರುವರು. ಹಗುರವಾದುದೂ ಬೇಕು, ಗಡುಸಾದುದೂ ಬೇಕು. ಯಾವದು ಎಲ್ಲಿರಬೇಕೆಂಬದನ್ನು ತಿಳಿಯುವದೇ ಜಾಣತನ.

ಆದುದರಿಂದ ಹಲ್ಲುಗಾಲಿಯನ್ನು ಕೊಳ್ಳುವವರು ಅಂಗಡಿಯ ಕಟ್ಟೆಯನ್ನು ಹತ್ತುವ ಮೊದಲು ತಮ್ಮ ಗಾಡಿಯ ದಿನಚರಿಯನ್ನು ಒಮ್ಮೆ ನೆನೆಯಬೇಕು. ಪಂದ್ಯಕ್ಕೆ ಹೋಗುವವರು, ಹಲ್ಲಿನ ಸಂಖ್ಯೆಯನ್ನು ಮೇಲಿಂದ ಮೇಲೆ ಬದಲಿಸುವವರು, ಬಿಡುವಿನ ದಿನ ಮಾತ್ರ ಸವಾರಿ ಮಾಡಿ ಗಾಡಿಯನ್ನು ಒರಸಿ ಇಡುವವರು ಅಲ್ಯುಮಿನಿಯಮ್ಮನ್ನು ನಿಶ್ಚಿಂತೆಯಿಂದ ತರಬಹುದು. ಹಾಲು, ಮೇವು, ಮಕ್ಕಳು, ಮುದುಕರು ಎಲ್ಲರನ್ನೂ ಹೊತ್ತು ಕೆಸರಿನಲ್ಲಿ ನಡೆಯುವ ಗಾಡಿಗೆ ಉಕ್ಕೇ ತಕ್ಕದ್ದು. ಯಾವದನ್ನು ತಂದರೂ ಮೂರನ್ನೂ ಕೂಡಿಯೇ ತರಬೇಕು. ತಂದ ಮೇಲೆ ಒರಸಿ, ಎಣ್ಣೆ ಹಾಕಿ, ಅಳೆಯಬೇಕು. ಉಕ್ಕಿನದೆಂಬ ಧೈರ್ಯದಿಂದ ವರ್ಷಗಟ್ಟಲೆ ಮುಚ್ಚಳವನ್ನೇ ತೆರೆಯದವನ ಗಾಡಿಗಿಂತ, ಹಗುರವಾದುದನ್ನು ಹಾಕಿ ವಾರಕ್ಕೊಮ್ಮೆ ನೋಡಿದವನ ಗಾಡಿಯೇ ಹೆಚ್ಚು ಸುರಕ್ಷಿತವೆಂಬದನ್ನು ಮರೆಯಲಾಗದು.

ಹತ್ತರಗಿಯ ಆ ಮನೆಯ ಗಾಡಿಯಲ್ಲಿ ಈಗ ಉಕ್ಕಿನ ಹಲ್ಲುಗಾಲಿ ತಿರುಗುತ್ತಿದೆ. ಅದಕ್ಕೆ ವಾರವಾರದ ಪರೀಕ್ಷೆಯ ಅಗತ್ಯ ಅಷ್ಟಾಗಿ ಇಲ್ಲ. ಆದರೂ ರವಿವಾರ ಬೆಳಿಗ್ಗೆ ಹಾಲು ಕೊಟ್ಟು ಬಂದ ತಂದೆಯು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸುವನು; ಮಗನು ಕ್ಯಾಲಿಪರನ್ನು ತೆಗೆದುಕೊಂಡು ಬರುವನು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಮಗ್ಗುಲಿಗೆ ಎರಡು ಅಂಕೆಗಳು ಇಂದಿಗೂ ಬೀಳುತ್ತಲಿವೆ.